ಇಬ್ಬರಿಗೆ ಒಂದೇ ಅಂಕ

"ಒಬ್ಬೊಬ್ಬರಾಗಿ ಒಳಗೆ ಬನ್ನಿ. ಇಬ್ಬಿಬ್ಬರು ಬರೋ ಹಾಗಿಲ್ಲ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ವರಾಂಡದಲ್ಲಿ ನಿಂತಿದ್ದ ನೆಲಿದಾಳ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆ ನಡೆಯುವಾಗ ಕಲಿಸಿದವರು ಒಳಗೆ ಇರಬಾರದು ಎಂದು ಹೆಡ್‌ಮಾಸ್ಟರು ಬೆಳಿಗ್ಗೆಯೇ ಹೇಳಿದ್ದರು. ಹಾಗಾಗಿ ಅವಳು ಕಿಟಕಿಯ ಪಕ್ಕ ನಿಂತು, ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಿವಿಗೊಟ್ಟಿದ್ದಳು. ಮೊದಲು ಒಳಗೆ ಹೋದವಳು ಆರನೇ ತರಗತಿಯ ಲುಸ್ಮಿಲಾ. ಅವಳ ಜೋಡಿ ರುಫಿನಾ ತನ್ನ ಸಿಕುವನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ಉಳಿದಳು.

ಲುಸ್ಮಿಲಾ ಊದಿದಳು. ಒಂದು ಸ್ವರ... ಆಮೇಲೆ ಏನೂ ಇಲ್ಲ. ಮತ್ತೊಂದು ಸ್ವರ... ಮತ್ತೆ ಖಾಲಿ.

ಸಿಕು ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೆಲಿದಾಳ ಸಿಟ್ಟೂ ಅರ್ಥವಾಗುವುದಿಲ್ಲ, ನನ್ನದೂ ಅರ್ಥವಾಗುವುದಿಲ್ಲ. ಅದು ಬೊಂಬಿನ ಕೊಳವೆಗಳ ಸಾಲು, ತುಟಿಗಿಟ್ಟು ಊದುವಂಥದ್ದು. ನಮ್ಮ ತಿತಿಕಾಕಾ ಕೆರೆಯ ಸುತ್ತಿನ ಜನ ಅದನ್ನು ಎರಡು ಪಾಲು ಮಾಡಿ ಇಬ್ಬರ ಕೈಗೆ ಕೊಟ್ಟಿದ್ದಾರೆ. ಒಬ್ಬರಿಗೆ ಇರಾ, ಇನ್ನೊಬ್ಬರಿಗೆ ಅರ್ಕಾ. ಸ ಇದರಲ್ಲಿದ್ದರೆ ರಿ ಅದರಲ್ಲಿ, ಗ ಇದರಲ್ಲಿದ್ದರೆ ಮ ಅದರಲ್ಲಿ. ಇರಾ ಕೇಳುತ್ತದೆ, ಅರ್ಕಾ ಉತ್ತರ ಕೊಡುತ್ತದೆ. ಇಷ್ಟು ಎತ್ತರದ ಊರಿನಲ್ಲಿ ಒಬ್ಬರ ಉಸಿರು ಇಡೀ ರಾಗಕ್ಕೆ ಸಾಲುವುದಿಲ್ಲ. ಒಬ್ಬರು ಊದುವಾಗ ಇನ್ನೊಬ್ಬರು ಉಸಿರೆಳೆದುಕೊಳ್ಳುತ್ತಾರೆ. ಒಬ್ಬರನ್ನೇ ನಿಲ್ಲಿಸಿ ಊದಿಸಿದರೆ ಬರುವುದು ಅರ್ಧ ರಾಗ.

ಇಲಾಖೆಯವರಿಗೆ ಇದೆಲ್ಲ ಯಾಕೆ ಬೇಕು? ಅವರಿಗೆ ಬೇಕಾದದ್ದು ಒಂದು ಮಗು, ಒಂದು ಹೆಸರು, ಒಂದು ಅಂಕ. ಈ ಪರೀಕ್ಷೆಯಲ್ಲಿ ಮಕ್ಕಳು ಪಾಸಾದರೆ ಸಂಗೀತದ ಪೀರಿಯಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಅದು ಲೆಕ್ಕದ ಅಭ್ಯಾಸಕ್ಕೆ ಹೋಗುತ್ತದೆ ಎಂದು ಸುತ್ತೋಲೆ ಬಂದಿತ್ತು.

ನೆಲಿದಾ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ನಿಲ್ಸಿ ಇದನ್ನ."

ಮೇಜಿನ ಹಿಂದೆ ಕೂತಿದ್ದವನು ತಲೆಯೆತ್ತಿದ. ಮೂವತ್ತರ ಆಸುಪಾಸಿನವನು. ಕೋಟು ಪೇಟೆಯದು, ಆದರೆ ಚಳಿಗಾಳಿಗೆ ಒಡೆದ ಆ ಕೆನ್ನೆ ನಮ್ಮ ಕಡೆಯದೇ.

"ನೀವು ಯಾರು?"

"ಈ ಮಕ್ಕಳಿಗೆ ಕಲಿಸಿದವಳು. ನೆಲಿದಾ ತಿಕೋನಾ. ನೀವು?"

"ಎದಿಲ್ಬೆರ್ತೊ ಕಾಲಿಸಾಯಾ. ಇಲಾಖೆಯಿಂದ ಬಂದಿದೀನಿ. ಮೇಡಂ, ಪರೀಕ್ಷೆ ನಡೀವಾಗ ನೀವು ಒಳಗೆ ಬರಬಾರ್ದು."

"ಇದು ಪರೀಕ್ಷೆನಾ? ಕತ್ತರೀದು ಒಂದೇ ಅಲಗು ಕೈಗೆ ಕೊಟ್ಟು ಬಟ್ಟೆ ಕತ್ತರಿಸು ಅಂತೀರಲ್ಲ."

"ಆದೇಶ ಹಾಗಿದೆ. ಒಬ್ಬೊಬ್ಬರದ್ದೂ ಬೇರೆ ಬೇರೆ ಕೇಳ್ಬೇಕು, ಬೇರೆ ಬೇರೆ ಅಂಕ ಕೊಡ್ಬೇಕು."

"ಆದೇಶ ಬಿಡಿ. ನಿಮಗೆ ಸಿಕು ಗೊತ್ತಾ?"

ನೆಲಿದಾ ಲುಸ್ಮಿಲಾಳ ಕೈಯಿಂದ ಇರಾ ತೆಗೆದುಕೊಂಡಳು. ಬಾಗಿಲಲ್ಲಿದ್ದ ರುಫಿನಾಳಿಂದ ಅರ್ಕಾ ತಂದು ಮೇಜಿನ ಮೇಲೆ ಅವನ ಮುಂದೆ ಕುಕ್ಕಿದಳು.

"ಗೊತ್ತಿದ್ರೆ ಉತ್ತರ ಕೊಡಿ ನೋಡೋಣ."

ಅವಳು ಊದಿದಳು. ಮೊದಲ ಸ್ವರ ಹೊರಟಿತು, ಉತ್ತರಕ್ಕೆ ಕಾಯಿತು. ಅವನ ಕೈ ಮೇಜಿನ ಮೇಲೆ ಅರ್ಧ ದೂರ ಬಂದು ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು. ಎದ್ದು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ.

ನೆಲಿದಾಳಿಗೆ ನಾಲಿಗೆ ತಡೆಯಲಾಗಲಿಲ್ಲ.

"ಬರಲ್ಲ ಅಲ್ವಾ? ನಂಗೊತ್ತಿತ್ತು. ನಿಮ್ಮಂಥೋರ ಎದುರಿಗೆ ಯಾರು ತಾನೆ ನಿಲ್ತಾರೆ? ಒಂಟಿಯಾಗಿ ಬದುಕೋದನ್ನ ನಮ್ಮ ಮಕ್ಕಳಿಗೂ ಕಲಿಸೋಕೆ ಬಂದಿದೀರಿ."

ಅವನು ತಿರುಗಿದಾಗ ಮುಖದಲ್ಲಿ ಬಣ್ಣವೇ ಇರಲಿಲ್ಲ. ಬಾಗಿಲ ಕಡೆ ನೋಡಿದ.

"ಒಳಗೆ ಬಾ ಮಗು," ಎಂದು ರುಫಿನಾಳನ್ನು ಕರೆದ. "ಇಬ್ಬರೂ ಎದುರುಬದುರು ನಿಂತ್ಕೊಳ್ಳಿ. ಮೇಡಂ, ನೀವಿನ್ನು ಹೊರಗಿರಿ."

ಆ ದಿನ ಮಕ್ಕಳೆಲ್ಲ ಜೋಡಿಯಾಗಿಯೇ ಊದಿದರು. ವರಾಂಡದಲ್ಲಿ ನಿಂತು ಕೇಳುತ್ತಿದ್ದ ನೆಲಿದಾಳ ಕಣ್ಣು ತುಂಬಿ ಬಂತು. ಜೊತೆಗೇ ತಾನು ಆಡಿದ ಮಾತೂ ನೆನಪಾಯಿತು. 'ಅಷ್ಟು ಜೋರಾಗಿ ಹೇಳಬೇಕಿತ್ತಾ ನಾನು?'

* * *

ಸುತ್ತಲಿನ ಹಳ್ಳಿಗಳ ಶಾಲೆಗಳನ್ನೂ ನೋಡಬೇಕಿದ್ದುದರಿಂದ ಅವನು ಆ ವಾರವೆಲ್ಲ ನಮ್ಮೂರು ಸುಕಾಪಾಟಾದಲ್ಲೇ, ಶಾಲೆಯ ಹಿಂದಿನ ಕೋಣೆಯಲ್ಲಿ ಉಳಿದ. ಮಾರನೇ ಸಂಜೆ ನೆಲಿದಾ ಮುನ್ಯಾ ಸೊಪ್ಪಿನ ಬಿಸಿ ಕಷಾಯವನ್ನೂ ಬೇಯಿಸಿದ ಕಿನ್ವಾ ಕಾಳಿನ ಉಂಡೆಗಳನ್ನೂ ತಂದಳು. ಕ್ಷಮೆ ಕೇಳುವುದು ಅವಳಿಗೆ ಅಭ್ಯಾಸವಿಲ್ಲ. ಹಾಗಾಗಿ ತಿನ್ನಲು ಕೊಟ್ಟಳು.

"ತಗೊಳ್ಳಿ. ಪೇಟೆಯವರಿಗೆ ಈ ಎತ್ತರಕ್ಕೆ ತಲೆ ಸುತ್ತುತ್ತೆ."

"ನಾನು ಹುಟ್ಟಿದ್ದು ಕೆರೆಯ ಆಚೆ ದಡದಲ್ಲಿ," ಎಂದ ಅವನು. "ತಲೆ ಸುತ್ತಿದ್ದು ನಿಮ್ಮ ಬೈಗುಳಕ್ಕೆ."

ಅವಳು ನಕ್ಕುಬಿಟ್ಟಳು. ಅದೇ ತಪ್ಪಾಯಿತು ನೋಡಿ. ನಕ್ಕ ಮೇಲೆ ಕೂತಳು, ಕೂತ ಮೇಲೆ ಮಾತಿಗೆ ಮಾತು ಬೆಳೆಯಿತು, ಮರುದಿನವೂ ಬಂದಳು.

ನೆಲಿದಾಳ ತಂದೆ ಸೆಕುಂದಿನೊ ನಮ್ಮೂರ ಸಿಕು ಮೇಳದ ಹಿರಿಯ. ಮೇಳದ ಕೊಳವೆಗಳನ್ನೆಲ್ಲ ಕೊಯ್ದು ಕಟ್ಟುವವನೂ ಅವನೇ. ಆದರೆ ಮಗಳ ಕೈಗೆ ಒಂದನ್ನೂ ಕೊಟ್ಟವನಲ್ಲ. ನಮ್ಮಲ್ಲಿ ಗಂಡಸರು ಊದುತ್ತಾರೆ, ಹೆಂಗಸರು ಕುಣಿಯುತ್ತಾರೆ. ಅವಳು ಮೂಲೆಯಲ್ಲಿ ಕೂತು ನೋಡಿಯೇ ಕಲಿತಳು. ಕಾಲೇಜಿಗೆ ಹೋದಾಗ ಸಂತೆಯಲ್ಲಿ ಒಂದು ಇರಾ ಕೊಂಡುಕೊಂಡಳು. ಜೋಡಿ ಅರ್ಕಾ ಕೊಳ್ಳಲಿಲ್ಲ, ಕೊಂಡು ಯಾರ ಕೈಗೆ ಕೊಡುವುದು?

"ಒಬ್ಬಳೇ ಊದ್ತಿದ್ದೆ," ಎಂದಳು ಮೂರನೆಯ ಸಂಜೆ. "ನಡುವಿನ ಸ್ವರಗಳು ಮನಸ್ಸಲ್ಲೇ. ಟೀಚರ್ ಆದ ಮೇಲೆ ಹುಡುಗೀರಿಗೂ ಕಲಿಸ್ತೀನಿ ಅಂತ ಹಟ ಹಿಡಿದೆ. ಶಾಲೆ ಪಾಠ ಅಂದ್ರೆ ಅಪ್ಪನೂ ಬೇಡ ಅನ್ನೋಕಾಗಲ್ಲ. ಕೊಳವೆ ಎಲ್ಲ ಮಾಡ್ಕೊಟ್ರು. ಈ ಪೀರಿಯಡ್ಡು ಒಂದು ಇಲ್ದಿದ್ರೆ ಲುಸ್ಮಿಲಾ ಕೈಗೆ ಸಿಕು ಯಾವ ಜನ್ಮಕ್ಕೂ ಸಿಗ್ತಿರಲಿಲ್ಲ."

ಅವನು ಲೋಟ ಕೆಳಗಿಟ್ಟ.

"ನಿಮ್ಮ ಮಕ್ಕಳು ಚೆನ್ನಾಗಿ ಊದಿದ್ರು ನೆಲಿದಾ. ಯೋಚನೆ ಮಾಡ್ಬೇಡಿ. ನಾನು ನೋಡ್ಕೋತೀನಿ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು.

"ಹಾಗಾದ್ರೆ ಒಂದ್ಸಲ ನನ್ನ ಎದುರಿಗೆ ಊದಿ. ಕೆರೆಯಾಚೆ ಹುಟ್ಟಿದವರಿಗೆ ಬರಲ್ಲ ಅಂದ್ರೆ ನಾನು ನಂಬಲ್ಲ."

"ಅದೊಂದು ಕೇಳ್ಬೇಡಿ."

"ಯಾಕೆ?"

"ಕೇಳ್ಬೇಡಿ ಅಂದೆನಲ್ಲ."

ದನಿ ಒರಟಾಗಿತ್ತು. 'ಹೆಂಗಸಿನ ಎದುರು ಊದೋಕೆ ಇವನಿಗೂ ಅವಮಾನ' ಎಂದುಕೊಂಡಳು ನೆಲಿದಾ. ಆದರೂ ವಾರ ಮುಗಿದು ಅವನು ಹೊರಟ ಬೆಳಿಗ್ಗೆ, ಬಸ್ಸು ಗುಡ್ಡದ ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದಳು. ಅವಳನ್ನು ಆವರೆಗೆ ಹಾಗೆ ನಿಲ್ಲಿಸಿದ ಗಂಡಸು ಇರಲಿಲ್ಲ.

* * *

ಫಲಿತಾಂಶ ಬಂದಾಗ ಆಲೂಗಡ್ಡೆ ಒಣಹಾಕುವ ಹಿಮದ ಕಾಲ. ಹೆಡ್‌ಮಾಸ್ಟರು ಅವಳನ್ನು ಕರೆದು, ಕಣ್ಣು ತಪ್ಪಿಸಿ ಹೇಳಿದರು.

"ಸಂಗೀತ ಹೋಯ್ತಮ್ಮ. ಬರೋ ಸೋಮವಾರದಿಂದ ಆ ಪೀರಿಯಡ್ಡು ಭಿನ್ನರಾಶಿಗೆ."

"ಮಕ್ಕಳು ಫೇಲಾ?"

"ಒಬ್ಬರೂ ಪಾಸಾಗಿಲ್ಲ ಅಂತ ಬಂದಿದೆ."

ನೋಡ್ಕೋತೀನಿ ಅಂದಿದ್ದ... ತಾನು ತಂದ ಕಷಾಯ ಕುಡಿದು, ಹೆಸರು ಹಿಡಿದು ಕರೆದು, ಹೋಗಿ ಮಕ್ಕಳ ಕತ್ತು ಕುಯ್ದನಲ್ಲ. ಆ ಸಂಜೆ ಅವನ ಫೋನು ಬಂತು. ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಆಮೇಲೆ ಅವನ ನಂಬರನ್ನೇ ತಡೆದುಬಿಟ್ಟಳು.

ಶನಿವಾರ ಸೆಕುಂದಿನೊ ಗೋಣಿಚೀಲ ಹಿಡಿದು ಶಾಲೆಗೆ ಬಂದ.

"ಅಪ್ಪಾ, ಮಕ್ಕಳ ಹತ್ರಾನೇ ಇರ್ಲಿ ಬಿಡು."

"ಶಾಲೇಲಿ ಊದಿದಾಗ ಪಾಠ ಅಂತ ಸುಮ್ನಿದ್ದೆ. ಈಗ ಪಾಠ ಅಲ್ವಲ್ಲ ಮಗಳೇ. ಮೇಳದ ಹುಡುಗರಿಗೆ ಬೇಕು."

"ಹುಡುಗೀರು ಮೇಳಕ್ಕೆ ಬಂದ್ರೆ ಆಗಲ್ವಾ?"

"ನಾಳೆ ಮದುವೆ ಆಗ್ಬೇಕಾದ ಹೆಣ್ಣುಮಕ್ಕಳಿಗೆ ತುಟಿ ಒಡ್ಕೊಂಡು ಊದೋ ಗ್ರಹಚಾರ ಯಾಕೆ? ನೀನು ಮಾಡ್ಕೊಂಡಿದ್ದು ಸಾಲ್ದಾ?"

ಅವನು ಕೆಟ್ಟವನಲ್ಲ. ಒಂದೊಂದೇ ಸಿಕುವನ್ನು ಬಟ್ಟೆಯಿಂದ ಒರೆಸಿ, ಜೋಡಿ ತಪ್ಪದಂತೆ ಚೀಲಕ್ಕಿಟ್ಟ. ಕೊನೆಯಲ್ಲಿ ಲುಸ್ಮಿಲಾ ಬಂದಳು. ತನ್ನ ಇರಾವನ್ನು ತಾನೇ ಚೀಲದೊಳಗೆ ಇಟ್ಟಳು.

"ಟೀಚರ್, ನಾನು ತಪ್ಪು ಊದಿದ್ನಾ?"

"ಇಲ್ಲ ಪುಟ್ಟಾ."

"ಮತ್ತೆ ಫೇಲ್ ಯಾಕೆ?"

ಸೋಮವಾರ ಮಕ್ಕಳು ಭಿನ್ನರಾಶಿ ಕಲಿತರು. ಅರ್ಧಕ್ಕೆ ಅರ್ಧ ಸೇರಿದರೆ ಒಂದಾಗುತ್ತದೆ ಎಂದು ಹಲಗೆಯ ಮೇಲೆ ಬರೆಸಿದರಂತೆ. ಇಲಾಖೆಗೆ ಅಷ್ಟು ಗೊತ್ತಿದ್ದರೆ ಸಾಕಿತ್ತು.

ಆ ವಾರವೇ ಹೆಡ್‌ಮಾಸ್ಟರು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಕೂತು, ಯಾವುದೋ ಮಾತಿನ ನಡುವೆ ಬಾಯಿಬಿಟ್ಟರು.

"ಆ ಪುಣ್ಯಾತ್ಮ ಕಾಲಿಸಾಯಾನೂ ಕೆಲಸ ಕಳ್ಕೊಂಡನಂತೆ. ಮೊಂಡ. ಒಬ್ಬೊಬ್ಬರಿಗೆ ಅಂಕ ಕೊಡೋ ಅಂದ್ರೆ ಇಬ್ಬಿಬ್ಬರಿಗೆ ಸೇರಿಸಿ ಒಂದೇ ಅಂಕ ಕೊಟ್ಟಿದಾನೆ. ಅದೂ ಹೆಚ್ಚು ಕಮ್ಮಿ ಪೂರ್ತಿ ಅಂಕ. ಬದಲಾಯಿಸು ಅಂದ್ರೆ ಆಗಲ್ಲ ಅಂದನಂತೆ. ಯಾವ ಮಗುವಿನ ಹೆಸರಿಗೂ ಅಂಕ ಇಲ್ಲ ಅಂತ ಎಲ್ಲಾನೂ ಸೊನ್ನೆ ಮಾಡಿ ಹಾಕಿದಾರೆ."

ನೆಲಿದಾ ಎದ್ದು ನಿಂತಳು.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಸರ್?"

"ಹೇಳಿದ್ರೆ ಏನಾಗ್ತಿತ್ತು? ಪೀರಿಯಡ್ಡಂತೂ ಹೋಯ್ತಲ್ಲ."

* * *

ಪೇಟೆಯ ದೋಣಿಕಟ್ಟೆಯ ಬಳಿ ಎದಿಲ್ಬೆರ್ತೊನ ಅಕ್ಕನಿಗೆ ಹುರಿದ ಮೀನಿನ ಅಂಗಡಿ. ನೆಲಿದಾ ಕೇಳಿಕೊಂಡು ಹೋದಾಗ ಅವನು ಅಂಗಿಯ ತೋಳು ಮಡಿಚಿ ಮೀನು ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ತೊಳೆದುಕೊಂಡು ಬಂದ. ಇಬ್ಬರೂ ನೀರಿನ ಅಂಚಿಗೆ ನಡೆದರು. ದಾರಿಯುದ್ದಕ್ಕೂ ಅವಳು ಕ್ಷಮೆಯ ಮಾತನ್ನೇ ಕಟ್ಟಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ.

"ಸುಳ್ಳು ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನೆಲಿದಾ..."

"ಲುಸ್ಮಿಲಾಗೆ ಒಂದಂಕಿ, ರುಫಿನಾಗೆ ಒಂದಂಕಿ. ಅಷ್ಟೇ ತಾನೆ? ಯಾರು ಬಂದು ನೋಡ್ತಿದ್ರು?"

"ಬರೆಯೋಕೆ ಹೋದೆ," ಎಂದ ಅವನು. "ಇಬ್ಬರಲ್ಲಿ ಯಾರಿಗೆ ಹೆಚ್ಚು, ಯಾರಿಗೆ ಕಮ್ಮಿ ಅಂತ ಬರೀಲಿ? ಲುಸ್ಮಿಲಾ ಉಸಿರು ಎಲ್ಲಿ ಮುಗೀತು, ರುಫಿನಾದು ಎಲ್ಲಿ ಶುರುವಾಯ್ತು ಅಂತ ನಂಗೇ ಗೊತ್ತಾಗ್ಲಿಲ್ಲ. ಕೈ ಓಡ್ಲಿಲ್ಲ."

"ಇಬ್ಬರಿಗೂ ಒಂದೇ ಬರೀಬೇಕಿತ್ತು."

"ಎಲ್ಲ ಜೋಡಿಗೂ ಸಮ ಅಂಕ ಬಂದ್ರೆ ಒಪ್ಪಲ್ಲ, ವ್ಯತ್ಯಾಸ ತೋರಿಸ್ಲೇಬೇಕು ಅಂದ್ರು ಇಲಾಖೆಯವರು. ಆಗ ನಂಗೂ ಸಿಟ್ಟು ಬಂತು."

ಅವನು ಕಲ್ಲಿನ ಮೇಲೆ ಕುಕ್ಕರಿಸಿದ. ಆಮೇಲೆ ಅವಳ ಮುಖ ನೋಡದೆ ಹೇಳತೊಡಗಿದ.

"ನನಗೊಬ್ಬ ಅಣ್ಣ ಇದ್ದ. ಫಾಕುಂದೊ. ಅವನು ಇರಾ, ನಾನು ಅರ್ಕಾ. ನಮ್ಮೂರಲ್ಲಿ ದೊಡ್ಡವನು ಚೆನ್ನಾಗಿ ಊದಿದ, ಚಿಕ್ಕವನು ಚೆನ್ನಾಗಿ ಊದಿದ ಅಂತ ಯಾರೂ ಯಾವತ್ತೂ ಹೇಳಿದ್ದಿಲ್ಲ. ಕಾಲಿಸಾಯಾ ಊದಿದ ಅಂತಿದ್ರು. ಇಬ್ಬರಿಗೂ ಒಂದೇ ಹೆಸರು. ಅವನು ಬೆಟ್ಟದ ಮೇಲಿನ ಚಿನ್ನದ ಗಣಿಗೆ ಹೋದ, ನನ್ನ ಓದಿಗೆ ಅಂತ. ಸುರಂಗ ಕುಸೀತು. ಹೆಣವೂ ಸಿಗಲಿಲ್ಲ. ಆಮೇಲೆ ನಾನು ಅರ್ಕಾ ಮುಟ್ಟಿಲ್ಲ... ಕೇಳೋರೇ ಇಲ್ದಿದ್ಮೇಲೆ ಉತ್ತರ ಯಾರಿಗೆ ಕೊಡ್ಲಿ?"

ನೆಲಿದಾಳಿಗೆ ತರಗತಿಯ ಆ ಮೇಜು ಕಣ್ಣ ಮುಂದೆ ಬಂತು. ಅರ್ಧ ದೂರ ಬಂದು ನಿಂತ ಆ ಕೈ. ಅದರ ಮೇಲೆ ತಾನು ಎಸೆದ ಮಾತು.

"ಆವತ್ತು ನಾನು ಅಂದಿದ್ದು..."

"ನಿಜಾನೇ ಅಂದ್ರಿ. ನನ್ನ ಎದುರಿಗೆ ಯಾರೂ ಇರಲಿಲ್ಲ."

"ಬಾಯಿ ಮುಚ್ಚಿ," ಎಂದಳು ಅವಳು. ಕಣ್ಣಿಂದ ನೀರು ಇಳಿಯುತ್ತಿತ್ತು. "ನಿಮ್ಮ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ. ನಿಮ್ಮ ಅಣ್ಣನ ಮರ್ಯಾದೆ ಉಳಿಸ್ಕೊಂಡ್ರಿ, ಒಳ್ಳೇದೇ. ಆದ್ರೆ ನನ್ನ ಮಕ್ಕಳ ಕೈ ಖಾಲಿಯಾಯ್ತು. ಲುಸ್ಮಿಲಾ ತಾನೇ ಚೀಲಕ್ಕೆ ಹಾಕಿದ್ಲು. ಅದನ್ನ ನಾನು ನೋಡ್ದೆ, ನೀವು ನೋಡ್ಲಿಲ್ಲ."

"ಹೌದು," ಎಂದ ಅವನು. ಸಮಜಾಯಿಷಿ ಕೊಡಲಿಲ್ಲ. "ಅದು ನನ್ನಿಂದಲೇ ಆಗಿದ್ದು."

ಹಾಗೆ ಒಪ್ಪಿಕೊಂಡವನ ಮೇಲೆ ಇನ್ನೆಷ್ಟು ಹೊತ್ತು ಕೂಗಾಡುವುದು? ಅವಳು ಅವನ ಪಕ್ಕದ ಕಲ್ಲಿನ ಮೇಲೆ ಕೂತಳು. ದೋಣಿಯೊಂದು ಬಂದು, ಜನ ಇಳಿದು ಹೋದರು. ಅವಳು ಬೆನ್ನಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ ತನ್ನ ಹಳೆಯ ಇರಾ ಹೊರತೆಗೆದಳು. ಅಪ್ಪನ ಚೀಲಕ್ಕೆ ಹೋಗದೆ ಉಳಿದದ್ದು ಅದೊಂದೇ.

"ನಿಮ್ಮ ಅರ್ಕಾ ಇದೆಯಾ, ಇಲ್ಲಾ ಮಣ್ಣು ಮಾಡಿದ್ರಾ?"

ಅವನು ಅವಳನ್ನೇ ನೋಡಿದ. ಎದ್ದು ಅಂಗಡಿಯ ಒಳಗೆ ಹೋದವನು ಬೇಗ ಬರಲಿಲ್ಲ. 'ಹಿಂದಿನ ಬಾಗಿಲಿಂದ ಹೋಗಿಬಿಟ್ಟನಾ?' ಎಂದು ಅವಳಿಗೆ ದಿಗಿಲಾಯಿತು. ಬಂದಾಗ ಕೈಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಅರ್ಕಾ ಇತ್ತು. ಒಣಗಿ ಬಣ್ಣಗೆಟ್ಟಿತ್ತು. ಬಗ್ಗಿ ಅದನ್ನು ಕೆರೆಯ ನೀರಿನಲ್ಲಿ ಅದ್ದಿದ, ಕೊಳವೆಗಳು ನೀರು ಕುಡಿಯುವ ತನಕ ಹಿಡಿದ.

ಇಬ್ಬರೂ ಎದುರುಬದುರು ನಿಂತರು. ನೆಲಿದಾ ಮೊದಲ ಸ್ವರ ಊದಿದಳು.

ಉತ್ತರ ಬರಲಿಲ್ಲ. ಅವಳು ಮತ್ತೆ ಅದೇ ಸ್ವರ ಊದಿದಳು. ಅವನ ತುಟಿ ಕೊಳವೆಯ ಅಂಚಿನಲ್ಲಿತ್ತು, ಕಣ್ಣು ಮುಚ್ಚಿತ್ತು. ಮೂರನೆಯ ಸಲಕ್ಕೆ, ಗಾಳಿ ಬೆರೆತ ಒಂದು ಒಡಕು ಸ್ವರ ಈಚೆ ಬಂತು.

ಇಷ್ಟು ವರ್ಷ ಅವಳು ಮನಸ್ಸಿನಲ್ಲೇ ತುಂಬಿಕೊಂಡಿದ್ದ ಜಾಗಕ್ಕೆ ಹೊರಗಿನಿಂದ, ಇನ್ನೊಬ್ಬರ ಎದೆಯಿಂದ, ಉಸಿರು ಬಂದು ಕೂತಿತ್ತು. ಅಳುತ್ತಲೇ ಮುಂದಿನದನ್ನು ಊದಿದಳು. ಅವನು ಉತ್ತರಿಸಿದ. ಎಡವುತ್ತ, ತಪ್ಪುತ್ತ ರಾಗ ಹೇಗೋ ಕೊನೆ ಮುಟ್ಟಿತು. ಮೀನು ತಿನ್ನುತ್ತಿದ್ದ ಮುದುಕನೊಬ್ಬ ಹೆಂಗಸಿನ ಕೈಯಲ್ಲಿ ಸಿಕು ಕಂಡು ತಲೆಯಾಡಿಸಿ ಉಗಿದ. ಅಂಗಡಿಯೊಳಗೆ ಅವನ ಅಕ್ಕ ಸೆರಗಿನಂತೆ ಹೊದ್ದ ಶಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಶ್ರುತಿ ಕೂಡ್ಲಿಲ್ಲ," ಎಂದಳು ನೆಲಿದಾ ಮೂಗೊರೆಸಿಕೊಳ್ಳುತ್ತ.

"ನಿಮ್ಮದು ಸಂತೇದು, ನನ್ನದು ಅಣ್ಣ ಕಟ್ಟಿದ್ದು. ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ."

"ಹಾಗಾದ್ರೆ ಏನ್ಮಾಡೋದು?"

"ದಿನಾ ಊದಿದ್ರೆ ಕಿವಿ ಒಗ್ಗಿಕೊಳ್ಳುತ್ತೆ."

"ದಿನಾ ಅಂದ್ರೆ?"

"ದಿನಾ ಅಂದ್ರೆ ದಿನಾನೇ ನೆಲಿದಾ. ಬಾಯಲ್ಲಿ ಹಲ್ಲು ಇರೋ ತನಕ."

ಅವಳು ನೀರಿನ ಕಡೆ ನೋಡಿದಳು. ಒಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಕಣ್ಣ ಮುಂದಿನಿಂದ ಆ ಗೋಣಿಚೀಲ ಹೋಗುತ್ತಿರಲಿಲ್ಲ.

"ನಮ್ಮಪ್ಪ ಒಪ್ಪಲ್ಲ. ಕೆಲಸ ಇಲ್ದವನಿಗೆ, ಅದೂ ಹೆಂಡತಿ ಕೈಲಿ ಸಿಕು ಊದಿಸೋನಿಗೆ."

"ಬೈಸ್ಕೋತೀನಿ. ನಿಮ್ಮ ಕೈಲಿ ಬೈಸ್ಕೊಂಡು ಅಭ್ಯಾಸ ಆಗಿದೆ."

"ಶಾಲೆಗೆ ಆ ಪೀರಿಯಡ್ಡು ವಾಪಸ್ ಬರಲ್ಲ ಬೆರ್ತೊ."

"ಬರಲ್ಲ."

"ರುಫಿನಾನ ಅವರಪ್ಪ ಇನ್ನು ಹೊಲದಿಂದ ಆಚೆ ಬಿಡಲ್ಲ. ಲುಸ್ಮಿಲಾ ಮಾತ್ರ ನಮ್ಮ ಮನೆ ಬೇಲಿ ಹತ್ರ ಬಂದು ನಿಲ್ತಾಳೆ. ಈ ಇರಾ ಅವಳಿಗೆ ಕೊಡೋಣ ಅಂತಿದ್ದೆ. ಆದ್ರೆ ಕೊಟ್ಟು ಏನು ಪ್ರಯೋಜನ? ಅವಳ ಎದುರಿಗೆ ಯಾರು ನಿಲ್ತಾರೆ? ನನ್ನ ಹಾಗೇ ಅವಳೂ..."

ಬೆರ್ತೊ ಅರ್ಕಾದಿಂದ ನೀರು ಕೊಡವಿ, ಅವಳ ಕೈಯನ್ನು ತನ್ನ ಒದ್ದೆ ಕೈಯೊಳಗೆ ತೆಗೆದುಕೊಂಡ.

"ನಾನು ನಿಲ್ತೀನಿ."

"ಇರೋದೊಂದೇ ಇರಾ. ಅದು ಅವಳ ಕೈಲಿದ್ರೆ ನಾನೇನು ಮಾಡ್ಲಿ?"

"ಸರದಿ ಹಾಕ್ಕೊಳ್ಳಿ ಇಬ್ಬರೂ. ನಾನೆಲ್ಲಿಗೂ ಹೋಗಲ್ಲ."

ಅವಳು ಕಣ್ಣೊರೆಸಿಕೊಂಡಳು, ಇರಾವನ್ನು ಮತ್ತೆ ತುಟಿಗೆ ಎತ್ತಿದಳು.

"ಇವತ್ತು ನಂದು ಸರದಿ," ಎಂದಳು.